ಗಿಟಾರ್ ಮಾಡಿದವರ ಕೈಗೆ ಗಿಟಾರ್ ಬಂದ ಕತೆ

ಉರ್ದು ಶಾಲೆಯಲ್ಲಿ ಕುಳಿತು ಕಲಿತ ನಮ್ಮಂಥವರಿಗೆ ‘ಸಾಜ್’ ಎಂಬ ಪದ ಎರಡು ರೀತಿಯಲ್ಲಿ ಪರಿಚಿತ. ಒಂದು, ಸಾಜ್ ಎಂದರೆ ವಾದ್ಯ. ಸಿತಾರ್, ಸಾರಂಗಿ, ತಬಲಾ ಎಲ್ಲವೂ ಸಾಜ್‌ಗಳೇ. ಇನ್ನೊಂದು, ಪದದ ಕೊನೆಗೆ ಅಂಟಿಕೊಂಡು ಬರುವ ಸಾಜ್. ಗಡಿಯಾರ ಸರಿಮಾಡುವವನು ಘಡೀಸಾಜ್, ಪುಸ್ತಕಕ್ಕೆ ರಟ್ಟು ಕಟ್ಟುವವನು ಜಿಲ್ದ್‌ಸಾಜ್. ಇಲ್ಲಿ ಸಾಜ್ ಎಂದರೆ ಮಾಡುವವನು. ಎರಡೂ ಒಂದೇ ಪಾರಸಿ ಬೇರಿನಿಂದ ಬಂದವು. ವಾದ್ಯ ನುಡಿಸುವವನಿಗೂ ಅದೇ ಬೇರಿನಿಂದ ಹುಟ್ಟಿದ ‘ಸಾಜಿಂದಾ’ ಎಂಬ ಹೆಸರಿದೆ. ವಾದ್ಯ, ಅದನ್ನು ಮಾಡುವವನು, ಅದನ್ನು ನುಡಿಸುವವನು, ಈ ಮೂವರನ್ನೂ ಭಾಷೆ ಒಂದೇ ಮನೆಯವರನ್ನಾಗಿ ಕಂಡಿದೆ.

ಈ ನಂಟು ಬರೀ ಪದಕೋಶದಲ್ಲಿ ಉಳಿದದ್ದಲ್ಲ. ನಮ್ಮ ಗಡಿಗೆ ತಾಗಿದಂತಿರುವ ಮೀರಜಿನಲ್ಲಿ ‘ಸಿತಾರಮೇಕರ್’ ಎಂಬುದನ್ನೇ ಅಡ್ಡಹೆಸರಾಗಿ ಇಟ್ಟುಕೊಂಡ ಮುಸ್ಲಿಂ ಮನೆತನಗಳಿವೆ. ಇವರ ಹಿರಿಯರು ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಆಯುಧಗಳಿಗೆ ಬೇಡಿಕೆ ಕುಗ್ಗಿದ ಮೇಲೆ, 19ನೇ ಶತಮಾನದ ನಡುವಿನ ಹೊತ್ತಿಗೆ, ಫರೀದ್ ಸಾಹೇಬರೆಂಬ ಕಾರೀಗರ ಆ ನುರಿತ ಕೈಗಳನ್ನು ತಂತಿವಾದ್ಯಗಳ ಕಡೆ ತಿರುಗಿಸಿದರು. ಪಂಢರಪುರದ ಸುತ್ತ ಬೆಳೆಯುವ ಸೋರೆಬುರುಡೆಗಳು ಮೀರಜಿನಲ್ಲಿ ತಂಬೂರಿಗಳಾದವು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಅದೇ ಊರಿನಲ್ಲಿ ನೆಲೆಸಿದರು. ಅವರಿಗೆ ಸ್ವತಃ ವಾದ್ಯಗಳ ರಿಪೇರಿಯೂ ಗೊತ್ತಿತ್ತು. ಹುಬ್ಬಳ್ಳಿ ಧಾರವಾಡದ ಗಾಯಕರಿಗೂ ಮೀರಜಿನ ತಂಬೂರಿಗೂ ಇರುವ ಬಾಂಧವ್ಯ ಹಳೆಯದು. ಜವಾರಿ ಸರಿಯಿಲ್ಲವೆಂದರೆ ಗಾಯಕ ಕಾರೀಗರನ ಎದುರು ಕುಳಿತು, ಇಷ್ಟು ಉಜ್ಜು, ಇನ್ನಷ್ಟು ಉಜ್ಜು ಎಂದು ಹೇಳಬಲ್ಲ. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತು. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಆ ಕೈಗಳಿಗೆ ಸರಕಾರದ ಮುದ್ರೆಯೂ ಬಿತ್ತು.

ಆದರೆ ವಾದ್ಯ ಕಾರ್ಖಾನೆಯಲ್ಲಿ ತಯಾರಾಗತೊಡಗಿದಾಗ ಈ ಬಾಂಧವ್ಯ ಹರಿದುಹೋಗುತ್ತದೆ. ಇಂದು ನಮ್ಮ ಪೇಟೆಗಳಲ್ಲಿ ಕಾಲೇಜು ಹುಡುಗರು ಕೊಳ್ಳುವ ಗಿಟಾರಿನ ತಲೆಯ ಮೇಲೆ ಕಂಪನಿಯ ಹೆಸರು ಇರುತ್ತದೆ. ಅದರ ಕತ್ತನ್ನು ನುಣುಪು ಮಾಡಿದ ಹೆಂಗಸು ಯಾರು, ಅದಕ್ಕೆ ಬಣ್ಣ ಹೊಡೆದು ಕೆಮ್ಮು ಹತ್ತಿಸಿಕೊಂಡವನು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಹೀಗೆ ಹರಿದ ನಂಟನ್ನು ಮತ್ತೆ ಕಟ್ಟಲು 13 ವರ್ಷ ಹೆಣಗಿದ ಒಂದು ಹೋರಾಟ ದಕ್ಷಿಣ ಕೊರಿಯಾದಲ್ಲಿ ನಡೆಯಿತು. ಅದರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದು ಕಾರ್ಮಿಕರ ಚರಿತ್ರೆಯೂ ಹೌದು, ಕಲಾವಿದರ ಚರಿತ್ರೆಯೂ ಹೌದು.

ದಕ್ಷಿಣ ಕೊರಿಯಾ ಇಂದು ಕಾರು, ಫೋನುಗಳ ಶ್ರೀಮಂತ ದೇಶ. ಆ ಸಿರಿವಂತಿಕೆಯ ಬುನಾದಿ ಬಿದ್ದದ್ದು 1960 ಮತ್ತು 70ರ ದಶಕಗಳಲ್ಲಿ, ಪಾರ್ಕ್ ಚುಂಗ್-ಹೀ ಅವರ ಸೈನಿಕ ಆಡಳಿತದ ಕಾಲದಲ್ಲಿ. ಅಗ್ಗದ ಕೂಲಿಗೆ ಹಗಲಿರುಳು ದುಡಿಸಿ, ಸರಕನ್ನು ಹೊರದೇಶಕ್ಕೆ ಮಾರುವುದು ಅಂದಿನ ನೀತಿ. 1970ರ ನವೆಂಬರ್ 13ರಂದು ಸಿಯೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಜಿಯಾನ್ ಟೇ-ಇಲ್ ಎಂಬ 22 ವರ್ಷದ ಹೊಲಿಗೆ ಕಾರ್ಮಿಕ, ಇರುವ ಕಾನೂನನ್ನಾದರೂ ಪಾಲಿಸಿ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಆ ದೇಶದ ಕಾರ್ಮಿಕ ಚಳವಳಿ ತನ್ನ ಕತೆಯನ್ನು ಅಲ್ಲಿಂದಲೇ ಶುರುಮಾಡುತ್ತದೆ. ಇದಾದ ಮೂರು ವರ್ಷಕ್ಕೆ, 1973ರಲ್ಲಿ, ‘ಕಾರ್ಟ್’ ಗಿಟಾರುಗಳನ್ನು ಮಾಡುವ ಕಂಪನಿ ಹುಟ್ಟಿತು.

ಕಂಪನಿ ಬಲು ಬೇಗ ಬೆಳೆಯಿತು. ಸಿಯೋಲ್‌ಗೆ ಹತ್ತಿರದ ಇಂಚಿಯೋನ್ ನಗರದಲ್ಲಿ ಎಲೆಕ್ಟ್ರಿಕ್ ಗಿಟಾರ್, ದಕ್ಷಿಣಕ್ಕಿರುವ ಡೇಜಿಯೋನ್ ನಗರದ ಕಡೆ ಅಕೌಸ್ಟಿಕ್ ಗಿಟಾರ್ ತಯಾರಾಗುತ್ತಿದ್ದವು. ಎರಡನೆಯ ಘಟಕದ ಹೆಸರು ಕಾರ್-ಟೆಕ್. ತನ್ನ ಹೆಸರಿನವಲ್ಲದೆ ಐಬನೀಜ್, ಫೆಂಡರ್ ಮುಂತಾದ ದೊಡ್ಡ ಹೆಸರುಗಳ ಗಿಟಾರುಗಳನ್ನೂ ಕಂಪನಿ ಮಾಡಿಕೊಡುತ್ತಿತ್ತು. ಅಂದರೆ ಅಮೆರಿಕದ ಹುಡುಗನೊಬ್ಬ ತನ್ನ ದೇಶದ ಗಿಟಾರೆಂದು ಎದೆಗವಚಿಕೊಂಡದ್ದು ಕೊರಿಯಾದ ಕಾರ್ಮಿಕರ ಕೈಯದ್ದಾಗಿರಬಹುದಿತ್ತು. ಜಗತ್ತಿನ ಗಿಟಾರುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಕಂಪನಿಯದೆಂದು ಕಾರ್ಮಿಕರ ಪರವಾಗಿದ್ದವರು ಆಗ ಹೇಳುತ್ತಿದ್ದರು.

ಒಳಗಿನ ಸ್ಥಿತಿ ಹೇಗಿತ್ತು? ಕಾರ್ಮಿಕರು ಮತ್ತೆ ಮತ್ತೆ ಹೇಳಿದ ಒಂದು ಸಂಗತಿ ಕೇಳಿದವರನ್ನು ಕಾಡದೆ ಬಿಡದು. ಡೇಜಿಯೋನ್ ಕಾರ್ಖಾನೆಯಲ್ಲಿ ಕಿಟಕಿಗಳಿರಲಿಲ್ಲ. ಹೊರಗೆ ನೋಡುತ್ತ ನಿಂತರೆ ಕೆಲಸ ಕೆಡುತ್ತದೆ ಎಂಬುದು ಮಾಲೀಕರ ಲೆಕ್ಕವಾಗಿತ್ತಂತೆ. ಗಿಟಾರ್ ಎಂದರೆ ಮರ. ಮರ ಕೊಯ್ದರೆ, ಉಜ್ಜಿದರೆ ಪುಡಿ ಏಳುತ್ತದೆ. ಅದಕ್ಕೆ ಹೊಳಪು ಬರಲು ಬಣ್ಣ, ವಾರ್ನಿಷ್, ತಿನ್ನರ್ ಬೇಕು. ಕಿಟಕಿಯಿಲ್ಲದ ಕಟ್ಟಡದಲ್ಲಿ ಈ ಪುಡಿ, ಈ ವಾಸನೆ ಎಲ್ಲಿಗೆ ಹೋಗಬೇಕು? ದುಡಿಯುವವರ ಎದೆಗೂಡಿಗೆ. ಉಬ್ಬಸ, ಶ್ವಾಸನಾಳದ ಊತ, ಚರ್ಮದ ಕಾಯಿಲೆ, ಯಂತ್ರಕ್ಕೆ ಸಿಕ್ಕಿ ತುಂಡಾದ ಬೆರಳುಗಳ ಬಗ್ಗೆ ಅವರು ಹೇಳಿಕೊಂಡರು. ಬೆರಳಿಲ್ಲದೆ ಗಿಟಾರ್ ನುಡಿಸಲಾಗದು. ಗಿಟಾರ್ ಮಾಡಲು ಹೋಗಿ ಬೆರಳು ಕಳೆದುಕೊಂಡವರು ಅಲ್ಲಿದ್ದರು.

ಇನ್ನೂ ಒಂದು ಸಂಗತಿ ಇದೆ. ಹತ್ತು, ಇಪ್ಪತ್ತು ವರ್ಷ ಗಿಟಾರ್ ಮಾಡಿದ ಈ ಜನರಲ್ಲಿ ಹೆಚ್ಚಿನವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಒಬ್ಬರು ಕತ್ತು ಕೊರೆಯುವುದು, ಇನ್ನೊಬ್ಬರು ಅಂಟು ಹಾಕುವುದು, ಮತ್ತೊಬ್ಬರು ಉಜ್ಜುವುದು. ತಂತಿ ಬಿಗಿದು ನಾದ ಹೊರಡುವ ಹೊತ್ತಿಗೆ ವಾದ್ಯ ಅವರ ಕೈ ದಾಟಿ ಹೋಗಿರುತ್ತಿತ್ತು. ಗಿಟಾರ್ ಅವರ ಪಾಲಿಗೆ ಮೇಜು, ಕುರ್ಚಿಯಂತೆ ಇನ್ನೊಂದು ಮರದ ಸಾಮಾನು.

1997ರಲ್ಲಿ ಕೊರಿಯಾದ ಆರ್ಥಿಕತೆ ಕುಸಿದು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಕೈಯೊಡ್ಡಬೇಕಾಯಿತು. ಮರುವರ್ಷ, 1998ರಲ್ಲಿ, ಕಾರ್ಮಿಕ ಕಾನೂನು ತಿದ್ದುಪಡಿಯಾಯಿತು. ವ್ಯವಹಾರಕ್ಕೆ ತುರ್ತು ಅಗತ್ಯ ಒದಗಿದರೆ ಕಾರ್ಮಿಕರನ್ನು ಸಾಮೂಹಿಕವಾಗಿ ತೆಗೆದುಹಾಕುವ ಹಾದಿ ಮಾಲೀಕರಿಗೆ ಸುಗಮವಾಯಿತು. ‘ತುರ್ತು ಅಗತ್ಯ’ ಎಂಬ ಎರಡು ಪದಗಳು ಗಿಟಾರ್ ಕಾರ್ಮಿಕರ ಬದುಕನ್ನು ಮುಂದೆ ಹೇಗೆ ಆಡಿಸಿದವೆಂಬುದನ್ನು ನೋಡಲಿದ್ದೇವೆ. ಕಂಪನಿ ಅಷ್ಟರಲ್ಲೇ ಇಂಡೋನೇಷ್ಯಾದಲ್ಲಿಯೂ ಚೀನಾದಲ್ಲಿಯೂ ಕಾರ್ಖಾನೆ ತೆರೆದಿತ್ತು. ಅಲ್ಲಿ ಕೂಲಿ ಕಡಿಮೆ. 2006ರಲ್ಲಿ ಡೇಜಿಯೋನ್ ಘಟಕದವರು ತಮ್ಮ ಕಾರ್ಮಿಕ ಸಂಘ ಕಟ್ಟಿಕೊಂಡರು. ಅದಾಗಿ ಒಂದು ವರ್ಷ ಕಳೆಯುವುದರಲ್ಲಿ ಕತ್ತಿ ಬೀಸಿತು.

2007ರ ಏಪ್ರಿಲಿನಲ್ಲಿ ಇಂಚಿಯೋನ್ ಕಾರ್ಖಾನೆಯ 56 ಮಂದಿಗೆ ಕೆಲಸದಿಂದ ತೆಗೆದ ನೋಟೀಸು ಬಂತು. ಅದೇ ವರ್ಷ ಜುಲೈಯಲ್ಲಿ ಡೇಜಿಯೋನ್ ಘಟಕವನ್ನೇ ಮುಚ್ಚಲಾಯಿತು. ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟವರನ್ನು ಗೇಟಿನ ಬೀಗ ಎದುರುಗೊಂಡಿತು. 2008ರ ಆಗಸ್ಟಿನಲ್ಲಿ ಇಂಚಿಯೋನ್ ಕಾರ್ಖಾನೆಯೂ ಮುಚ್ಚಿತು. ಗಿಟಾರುಗಳೇನೂ ನಿಲ್ಲಲಿಲ್ಲ. ಅವು ಇಂಡೋನೇಷ್ಯಾದಿಂದ, ಚೀನಾದಿಂದ ಬರುತ್ತಲೇ ಇದ್ದವು. ಹತ್ತು ವರ್ಷಗಳಿಂದ ಲಾಭ ತೋರಿಸುತ್ತ ಬಂದ ಕಂಪನಿಗೆ ಏಕಾಏಕಿ ಯಾವ ತುರ್ತು ಬಂತು ಎಂಬುದು ಕಾರ್ಮಿಕರ ಪ್ರಶ್ನೆಯಾಗಿತ್ತು. ಕಂಪನಿ ನಷ್ಟದ ಲೆಕ್ಕವನ್ನು ಮುಂದಿಟ್ಟಿತು.

ಹೋರಾಟದ ಮೊದಲ ದಿನಗಳು ಹತಾಶೆಯವು. 2007ರ ಡಿಸೆಂಬರಿನಲ್ಲಿ ಒಬ್ಬ ಕಾರ್ಮಿಕರು ಮೈಗೆ ಬೆಂಕಿ ಹಚ್ಚಿಕೊಂಡರು. ಜೀವ ಉಳಿಯಿತು. 2008ರ ಅಕ್ಟೋಬರಿನಲ್ಲಿ ಕಾರ್-ಟೆಕ್ ಸಂಘದ ನಾಯಕ ಲೀ ಇನ್-ಗ್ಯುನ್ ಸಿಯೋಲ್‌ನ ಹಾನ್ ನದಿಯ ದಂಡೆಯಲ್ಲಿ 40 ಮೀಟರ್ ಎತ್ತರದ ವಿದ್ಯುತ್ ಗೋಪುರ ಏರಿ, ಅಲ್ಲೇ ಕುಳಿತು ಸುಮಾರು ಒಂದು ತಿಂಗಳು ಉಪವಾಸ ಮಾಡಿದರು. ಕೆಳಗೆ ವಾಹನಗಳು ಓಡಾಡುತ್ತಲೇ ಇದ್ದವು. ಕಾರ್ಖಾನೆ ಮುಚ್ಚಿದ ಮೇಲೆ ಮುಷ್ಕರಕ್ಕೆ ಬೆಲೆಯಿಲ್ಲ. ನಿಂತ ಯಂತ್ರವನ್ನು ಮತ್ತೆ ನಿಲ್ಲಿಸುವುದು ಹೇಗೆ? ಕಾರ್ಮಿಕನಿಗಿರುವ ಒಂದೇ ಆಯುಧ ಹೀಗೆ ಮೊಂಡಾಗಿತ್ತು.

ಆಗ ಅವರ ನೆರವಿಗೆ ಬಂದದ್ದು ಅವರು ಅದುವರೆಗೆ ಕಂಡೇ ಇರದ ಜನ. ಅವರು ಮಾಡಿದ ಗಿಟಾರುಗಳನ್ನು ನುಡಿಸುತ್ತಿದ್ದವರು.

ಸಿಯೋಲ್‌ನ ಹೊಂಗ್‌ಡೇ ಎಂಬ ಪ್ರದೇಶ ಕಲಾಶಾಲೆಯ ವಿದ್ಯಾರ್ಥಿಗಳ, ಚಿಕ್ಕಪುಟ್ಟ ಸಂಗೀತ ತಂಡಗಳ ತಾಣ. ಅಲ್ಲಿ ನೆಲಮಾಳಿಗೆಯಂತಹ ಜಾಗದಲ್ಲಿ ‘ಪಾಂಗ್’ ಎಂಬ ಒಂದು ಕ್ಲಬ್ಬಿದೆ. ಕೊರಿಯನ್ ಭಾಷೆಯಲ್ಲಿ ಹಾಗೆಂದರೆ ರೊಟ್ಟಿ. ನಮ್ಮ ಬೇಕರಿಯ ‘ಪಾವ್’ ಕೂಡ ಅದೇ ಪೋರ್ಚುಗೀಸ್ ಪದದ ಸಂತಾನ. ರೊಟ್ಟಿ ಎಂಬ ಹೆಸರಿನ ಆ ಜಾಗದಲ್ಲಿ 2008ರ ಕೊನೆಯಿಂದ ಪ್ರತಿ ತಿಂಗಳ ಕೊನೆಯ ಬುಧವಾರ ಗಿಟಾರ್ ಕಾರ್ಮಿಕರಿಗಾಗಿ ಸಂಗೀತ ನಡೆಯತೊಡಗಿತು. ಬಂದವರು ದೊಡ್ಡ ತಾರೆಯರಲ್ಲ. ತಮ್ಮ ಹೊಟ್ಟೆಪಾಡಿಗೇ ಪರದಾಡುವ ಯುವ ಗಾಯಕರು. ಕಾರ್ಮಿಕರಿಲ್ಲದೆ ಸಂಗೀತವಿಲ್ಲ, ಸಂಗೀತವಿಲ್ಲದೆ ಬದುಕಿಲ್ಲ ಎಂಬುದು ಅವರ ಘೋಷಣೆಯಾಯಿತು. ನಾವು ಎದೆಗೊತ್ತಿಕೊಂಡು ಹಾಡುವ ಈ ಮರದ ಪೆಟ್ಟಿಗೆಯ ಹಿಂದೆ ಇಂಥ ಅಳು ಇದೆಯೆಂದು ತಿಳಿಯದೆ ಸ್ವಾತಂತ್ರ್ಯದ ಹಾಡು ಹೇಗೆ ಹಾಡುವುದು ಎಂಬ ನಾಚಿಕೆ ಅವರನ್ನು ಅಲ್ಲಿಗೆ ಕರೆತಂದಿತ್ತು. ತಿಂಗಳಿಗೊಮ್ಮೆ ಎಂದರೆ ಸಣ್ಣ ಮಾತಿರಬಹುದು. ಆದರೆ ಒಂದು ದಿನದ ಭಾರೀ ಸಮಾವೇಶಕ್ಕಿಂತ ವರ್ಷಗಟ್ಟಲೆ ತಪ್ಪದೆ ಬರುವ ಒಂದು ಬುಧವಾರ ಹೆಚ್ಚು ಎಂಬುದನ್ನು ಧರಣಿ ಕುಳಿತವರು ಬಲ್ಲರು.

ಕಾರ್ಮಿಕರು ತಮ್ಮ ಗಿಟಾರುಗಳು ಹೋದ ದಾರಿ ಹಿಡಿದು ತಾವೂ ಹೊರಟರು. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಾದ್ಯಮೇಳಕ್ಕೆ, ಬಳಿಕ ಜಪಾನಿನ ಯೋಕೋಹಾಮಾಕ್ಕೆ, 2010ರ ಜನವರಿಯಲ್ಲಿ ಅಮೆರಿಕದ ಅನಹೈಮ್‌ನಲ್ಲಿ ನಡೆಯುವ ನ್ಯಾಮ್ ಎಂಬ ವಾದ್ಯ ವ್ಯಾಪಾರಿಗಳ ಮೇಳಕ್ಕೆ. ಮೇಳದ ಒಳಗೆ ಹೊಳೆಯುವ ಗಿಟಾರುಗಳು, ಹೊರಗೆ ಕರಪತ್ರ ಹಿಡಿದ ಅವುಗಳ ಕರ್ತರು. ಅಮೆರಿಕದ ಪ್ರಸಿದ್ಧ ಗಿಟಾರ್ ವಾದಕ ಟಾಮ್ ಮೊರೆಲ್ಲೊ ಅವರ ಜೊತೆ ನಿಂತರು. ‘ರೇಜ್ ಅಗೆನ್ಸ್ಟ್ ದ ಮೆಷಿನ್’ ತಂಡದ ಈ ವಾದಕ ಅದಕ್ಕೂ ಮುಂಚಿನಿಂದ ಕಾರ್ಮಿಕ ಹೋರಾಟಗಳಲ್ಲಿ ಕಾಣಿಸಿಕೊಂಡವರು. ಗಿಟಾರ್ ಬಿಡುಗಡೆಯ ಸಾಧನವಾಗಬೇಕೇ ಹೊರತು ಶೋಷಣೆಯದ್ದಲ್ಲ ಎಂಬುದು ಅವರ ಮಾತಿನ ಸಾರ. ವೇಯ್ನ್ ಕ್ರೇಮರ್, ಬೂಟ್ಸ್ ರೈಲಿ ಮೊದಲಾದವರ ಜೊತೆ ಲಾಸ್ ಏಂಜಲೀಸ್‌ನಲ್ಲಿ ಕಾರ್ಮಿಕರ ಸಹಾಯಾರ್ಥ ಸಂಗೀತ ಕಾರ್ಯಕ್ರಮವೊಂದು ಗೊತ್ತಾಯಿತು.

ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ, 2010ರ ಜನವರಿ 12ರಂದು, ಹೈಟಿ ದೇಶದಲ್ಲಿ ಭೂಕಂಪವಾಯಿತು. ಸತ್ತವರ ಲೆಕ್ಕ ಸಿಗದಷ್ಟು ದೊಡ್ಡ ದುರಂತ. ಮೂರು ವರ್ಷಗಳಿಂದ ಸಂಬಳವಿಲ್ಲದೆ, ಸಾಲ ಮಾಡಿ, ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದ ಆ ಕಾರ್ಮಿಕರು ಏನು ಮಾಡಿದರು? ತಮ್ಮ ಹೆಸರಿನಲ್ಲಿ ಸೇರುವ ಹಣವೆಲ್ಲ ಹೈಟಿಯ ಸಂತ್ರಸ್ತರಿಗೆ ಹೋಗಲಿ ಎಂದರು. ಮೊರೆಲ್ಲೊ ಇದನ್ನು ಜಗತ್ತಿಗೆ ಸಾರಿದರು. ನೆರೆಮನೆಯವನು ಹಸಿದಿರುವಾಗ ಹೊಟ್ಟೆತುಂಬ ಉಣ್ಣುವವನ ಈಮಾನಿನ ಬಗ್ಗೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಇಲ್ಲಿ ಹಸಿದವರೇ, ಸಾಗರದಾಚೆಯ ಅಪರಿಚಿತರನ್ನು ನೆರೆಯವರೆಂದು ಬಗೆದು, ತಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಈ ಹೋರಾಟದ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಘಳಿಗೆ ಇದು. ಸಹಾಯ ಪಡೆಯುವವರೆಂದು ವೇದಿಕೆ ಹತ್ತಿದವರು ಕೊಡುವವರಾಗಿ ಇಳಿದುಬಂದರು.

ಕೊರಿಯಾದೊಳಗೆ ಇನ್ನೊಂದು ಬಗೆಯ ಕೆಲಸ ನಡೆದಿತ್ತು. ಚಿತ್ರಕಾರರು, ಶಿಲ್ಪಿಗಳು, ಸಿನೆಮಾದವರು ಧರಣಿಯ ಜಾಗಕ್ಕೆ ಬರತೊಡಗಿದರು. ನಿರ್ದೇಶಕ ಕಿಮ್ ಸಂಗ್-ಕ್ಯುನ್ ಈ ಕಾರ್ಮಿಕರ ಬಗ್ಗೆ ಸಾಕ್ಷ್ಯಚಿತ್ರಗಳನ್ನು ಮಾಡಿದರು. ಇಂಚಿಯೋನ್‌ನ ಮುಚ್ಚಿದ ಕಾರ್ಖಾನೆಯೊಳಗೆ ಕೆಲವು ಕಲಾವಿದರು ಕಾರ್ಮಿಕರ ಜೊತೆಯಲ್ಲೇ ಬೀಡುಬಿಟ್ಟರು. ಗಾಳಿಯಿಲ್ಲದ ಆ ಕೋಣೆಗಳು ಅವರ ಚಿತ್ರಶಾಲೆಗಳಾದವು. ಬಿದ್ದಿದ್ದ ಮರದ ಚೂರು, ತುಕ್ಕುಹಿಡಿದ ಸಾಮಾನುಗಳಿಂದಲೇ ಕಲಾಕೃತಿಗಳಾದವು. 2012ರಲ್ಲಿ ಆ ಕಟ್ಟಡದಲ್ಲಿಯೇ ಪ್ರದರ್ಶನ ನಡೆಯಿತು. 2013ರ ಫೆಬ್ರವರಿಯಲ್ಲಿ ಅಧಿಕಾರಿಗಳು ಬಂದು ಕಾರ್ಮಿಕರನ್ನೂ ಕಲಾವಿದರನ್ನೂ ಒಟ್ಟಿಗೇ ಹೊರಹಾಕಿದರು. ಹೊರದಬ್ಬುವವರಿಗೆ ಇವನು ಕಾರ್ಮಿಕ, ಇವನು ಕಲಾವಿದ ಎಂಬ ಭೇದ ಉಳಿದಿರಲಿಲ್ಲ. ಬೀದಿಯಲ್ಲಿ ಗುಡಾರ ಹಾಕಿ ಅವರು ಮತ್ತೆ ಕುಳಿತರು.

ಇದೆಲ್ಲದರ ನಡುವೆ, ಒಬ್ಬೊಬ್ಬರಾಗಿ ಕಾರ್ಮಿಕರು ಗಿಟಾರ್ ನುಡಿಸಲು ಕಲಿತರು. ಕೈತುಂಬ ಬಿಡುವು, ಬೆರಳ ತುದಿಗೆ ಮರದ ಪರಿಚಯ, ಕಲಿಸಲು ಸಂಗೀತಗಾರ ಗೆಳೆಯರು. ಮಧ್ಯವಯಸ್ಸಿನ ನಾಲ್ವರು ಸೇರಿ ‘ಕೋಲ್‌ಬ್ಯಾನ್’ ಎಂಬ ತಂಡ ಕಟ್ಟಿದರು. ಗೋಪುರ ಏರಿದ್ದ ಲೀ ಇನ್-ಗ್ಯುನ್ ಗಿಟಾರ್ ಹಿಡಿದರು. ದಶಕಗಳ ಕಾಲ ಗಿಟಾರ್ ಮಾಡಿದ್ದ ಲಿಮ್ ಜೇ-ಚುನ್, ಮೇಲೆ ಕುಳಿತು ಬಾರಿಸುವ ಕಹೋನ್ ಎಂಬ ಮರದ ಪೆಟ್ಟಿಗೆಯ ಮುಂದೆ ಕೈಯಾಡಿಸಿದರು. ಇತರ ಕಾರ್ಖಾನೆಗಳ ಧರಣಿಗಳಿಗೂ ಹೋಗಿ ನುಡಿಸಿದರು. 2013ರಲ್ಲಿ ಅವರು ಹ್ಯಾಮ್ಲೆಟ್ ನಾಟಕವನ್ನು ತಮ್ಮದೇ ರೀತಿಯಲ್ಲಿ ರಂಗದ ಮೇಲೆ ತಂದರು. ಇರುವುದೋ ಇಲ್ಲವಾಗುವುದೋ ಎಂದು ತೂಗುವ ರಾಜಕುಮಾರನ ಕತೆ, ಕೆಲಸ ಕಳೆದುಕೊಂಡು ಆರು ವರ್ಷ ಬೀದಿಯಲ್ಲಿದ್ದವರಿಗೆ ಅನ್ಯವಾಗಲಿಲ್ಲ.

ಇಲ್ಲಿ ನಾವು, ಬರೆಯುವವರು, ತುಸು ನಿಂತು ನಮ್ಮ ಕಡೆ ನೋಡಿಕೊಳ್ಳಬೇಕು. ಬೀಡಿ ಕಟ್ಟುವ ಹೆಂಗಸರ ಬಗ್ಗೆ, ಹಮಾಲರ ಬಗ್ಗೆ, ಕುಲುಮೆಯ ಮುಂದೆ ಕುಳಿತವರ ಬಗ್ಗೆ ನಾವೂ ಕತೆಗಳನ್ನು ಬರೆದಿದ್ದೇವೆ. ಅವರ ನೋವನ್ನು ಲೋಕಕ್ಕೆ ತಿಳಿಸಿದೆವೆಂಬ ಸಮಾಧಾನ ಪಟ್ಟಿದ್ದೇವೆ. ಆದರೆ ಅವರು ನಮ್ಮ ಕತೆಗಳಲ್ಲಿ ಪಾತ್ರಗಳಾಗಿಯೇ ಉಳಿದರು. ನಮ್ಮ ಲೇಖನಿಯನ್ನು ಅವರ ಕೈಗೆ ಕೊಟ್ಟು, ಈಗ ನೀವು ಬರೆಯಿರಿ ಎಂದು ಪಕ್ಕದಲ್ಲಿ ಕುಳಿತವರು ನಮ್ಮಲ್ಲಿ ಎಷ್ಟು ಮಂದಿ? ಕೊರಿಯಾದ ಕಲಾವಿದರು ಕಾರ್ಮಿಕರಿಗಾಗಿ ಹಾಡಿದರು ಎಂಬುದು ಅರ್ಧ ಕತೆ. ಅವರಿಗೆ ಹಾಡುವುದನ್ನು ಕಲಿಸಿದರು ಎಂಬುದು ಉಳಿದರ್ಧ. ಬೆಂಬಲ ಎಂಬ ಪದಕ್ಕೆ ತೂಕ ಬರುವುದು ಈ ಎರಡನೆಯದರಿಂದ ಎಂದು ನಮಗನಿಸುತ್ತದೆ.

ಸಂಗೀತಗಾರರೆಲ್ಲ ಒಂದೇ ಮನಸ್ಸಿನವರಾಗಿದ್ದರು ಎಂದೇನೂ ಅಲ್ಲ. ಕಂಪನಿಗೂ ಸಂಗೀತ ಲೋಕದಲ್ಲಿ ಹಿಡಿತವಿತ್ತು. ವಾದಕರಿಗೆ ಗಿಟಾರ್ ಕೊಡುವುದು, ಕಾರ್ಯಕ್ರಮಗಳಿಗೆ ಹಣ ಕೊಡುವುದು ಆ ವ್ಯಾಪಾರದ ರೂಢಿ. ಸಿನಾವೆ ಎಂಬ ಹೆಸರಾಂತ ರಾಕ್ ತಂಡದ ಗಿಟಾರ್ ವಾದಕ ಶಿನ್ ಡೇ-ಚುಲ್ ಹೀಗೆ ಕಂಪನಿಯ ನಂಟಿದ್ದ ಕಾರ್ಯಕ್ರಮವೊಂದರಲ್ಲಿ ನುಡಿಸಿಬಂದಿದ್ದರು. ವಿಷಯ ತಿಳಿದ ಮೇಲೆ ಅವರು ಸುಮ್ಮನಿರಲಿಲ್ಲ. ಕಾರ್ಮಿಕರ ಕ್ಷಮೆ ಕೇಳಿದರು. 2014ರ ಆರಂಭದಲ್ಲಿ ಕಾರ್ಮಿಕರಿಗಾಗಿ ನಡೆದ ಕಾರ್ಯಕ್ರಮದಲ್ಲಿ ನುಡಿಸಿದರು. ಗೊತ್ತಿಲ್ಲದೆ ಮಾಡಿದ್ದು ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಗೊತ್ತಾದ ಮೇಲೆ ಏನು ಮಾಡಿದೆ ಎಂಬುದರಲ್ಲಿ ಮನುಷ್ಯನ ಪರೀಕ್ಷೆ ಇರುತ್ತದೆ.

ನ್ಯಾಯಾಲಯದ ಕತೆ ಬೇರೆಯೇ. 2009ರಲ್ಲಿ ಸಿಯೋಲ್ ಹೈಕೋರ್ಟಿನಲ್ಲಿ ಕಾರ್ಮಿಕರಿಗೆ ಜಯ ಸಿಕ್ಕಿತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಚಿಯೋನ್ ಕಾರ್ಮಿಕರ ವಜಾ ಅನ್ಯಾಯವೆಂದಿತು, ಡೇಜಿಯೋನ್‌ನವರ ಮೊಕದ್ದಮೆಯನ್ನು ಮರುವಿಚಾರಣೆಗೆ ಹಿಂದಿರುಗಿಸಿತು. ಮೊದಲನೆಯವರು ಗೆದ್ದರೂ ಮರಳಿ ಹೋಗಲು ಕಾರ್ಖಾನೆಯೇ ಇರಲಿಲ್ಲ. 2014ರ ಜನವರಿಯಲ್ಲಿ ಹೈಕೋರ್ಟ್ ಡೇಜಿಯೋನ್‌ನವರ ವಿರುದ್ಧ ತೀರ್ಪು ಕೊಟ್ಟಿತು. ಇಂದು ಕಷ್ಟವಿಲ್ಲದಿದ್ದರೂ ಮುಂದೆ ಬರಬಹುದಾದ ಬಿಕ್ಕಟ್ಟನ್ನು ಎಣಿಸಿ ಕಾರ್ಮಿಕರನ್ನು ತೆಗೆಯಬಹುದು ಎಂಬುದು ಅದರ ತಾತ್ಪರ್ಯ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ‘ತುರ್ತು’ ಎಂಬ ಪದ ಹೀಗೆ ಇನ್ನೂ ಬಾರದ ನಾಳೆಗೂ ಅನ್ವಯವಾಯಿತು. 2018ರಲ್ಲಿ ಕೊರಿಯಾದ ನ್ಯಾಯಾಂಗದ ಅಧಿಕಾರ ದುರ್ಬಳಕೆಯ ಹಗರಣ ಹೊರಬಿದ್ದಾಗ, ಅಂದಿನ ಸರಕಾರದ ಕಾರ್ಮಿಕ ನೀತಿಗೆ ಅನುಕೂಲವಾದ ತೀರ್ಪುಗಳ ಪಟ್ಟಿಯಲ್ಲಿ ಈ ಮೊಕದ್ದಮೆಯ ಹೆಸರೂ ಇತ್ತು.

ಕಾನೂನಿನ ಬಾಗಿಲು ಮುಚ್ಚಿದ ಮೇಲೆ ಹೋರಾಟ ಮುಗಿಯಬೇಕಿತ್ತು. 2015ರಲ್ಲಿ ಆಳುವ ಪಕ್ಷದ ನಾಯಕ ಕಿಮ್ ಮೂ-ಸಂಗ್, ಉಗ್ರ ಕಾರ್ಮಿಕ ಸಂಘದಿಂದಾಗಿಯೇ ಇಂಥ ಕಂಪನಿಗಳು ಮುಚ್ಚಿದವು ಎಂಬರ್ಥದ ಮಾತಾಡಿದರು. ಇಂಚಿಯೋನ್ ಸಂಘದ ಬಾಂಗ್ ಜೊಂಗ್-ಉನ್ 45 ದಿನ ಉಪವಾಸ ಕುಳಿತರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2016ರಲ್ಲಿ ಆ ನಾಯಕರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಕೆಲಸ ಸಿಗಲಿಲ್ಲ, ಆದರೆ ತಮ್ಮ ಮೇಲೆ ಹೊರಿಸಿದ ಸುಳ್ಳು ಇಳಿಯಿತು. ದುಡಿಯುವವನಿಗೆ ಕೂಲಿಯಷ್ಟೇ ಮಾನವೂ ಬೇಕು.

2019ರ ಮಾರ್ಚ್ 12ರಂದು ಲಿಮ್ ಜೇ-ಚುನ್ ಉಪವಾಸ ಶುರುಮಾಡಿದರು. 42ನೆಯ ದಿನ, ಏಪ್ರಿಲ್ 22ರಂದು, ಒಪ್ಪಂದವಾಯಿತು. ಹೋರಾಟಗಾರರ ಲೆಕ್ಕದಲ್ಲಿ ಅದು 4,464ನೆಯ ದಿನ. ಕಂಪನಿ ವಿಷಾದ ವ್ಯಕ್ತಪಡಿಸಿತು. 25 ಮಂದಿಗೆ ಪರಿಹಾರ ಕೊಡಲು ಒಪ್ಪಿತು. ಲೀ ಇನ್-ಗ್ಯುನ್, ಲಿಮ್ ಜೇ-ಚುನ್ ಮತ್ತು ಕಿಮ್ ಕ್ಯುಂಗ್-ಬೊಂಗ್ ಮೂವರನ್ನು ಮೇ 2ರಂದು ಮತ್ತೆ ಕೆಲಸಕ್ಕೆ ತೆಗೆದುಕೊಂಡು, ಮೇ 30ಕ್ಕೆ ಅವರು ತಾವಾಗಿ ಬಿಡುವುದೆಂದು ತೀರ್ಮಾನವಾಯಿತು. ಅವರು ಮಾಡಲು ಕೊರಿಯಾದಲ್ಲಿ ಕೆಲಸವೇ ಉಳಿದಿರಲಿಲ್ಲ. ತಿಂಗಳೂ ತುಂಬದ, ಹೆಸರಿಗಷ್ಟೇ ಇದ್ದ ಆ ನೌಕರಿಗಾಗಿ 13 ವರ್ಷ.

ಇದು ಗೆಲುವೋ ಸೋಲೋ? ಕೂಡಿ ಕಳೆದು ನೋಡುವವರಿಗೆ ಇದು ಸೋಲೇ. ಕಾರ್ಖಾನೆ ತೆರೆಯಲಿಲ್ಲ, ಕಾನೂನು ಬದಲಾಗಲಿಲ್ಲ, ಕಳೆದ ವಯಸ್ಸು ಮರಳಲಿಲ್ಲ. ಸಂಗೀತಗಾರರ ಬೆಂಬಲ ಕಂಪನಿಯನ್ನು ಮಣಿಸಿತು ಎಂದರೆ ಉತ್ಪ್ರೇಕ್ಷೆಯಾದೀತು. ಹಾಡು ಬೀಗ ತೆರೆಯುವ ಕೀಲಿಕೈಯಲ್ಲ. ಆದರೆ ಮುಚ್ಚಿದ ಕಾರ್ಖಾನೆಯ ಮುಂದೆ ಕುಳಿತವರನ್ನು ಲೋಕ ಮರೆಯಲು ಒಂದೆರಡು ವರ್ಷ ಸಾಕು. ಇವರನ್ನು 13 ವರ್ಷ ಮರೆಯಗೊಡದಂತೆ ನೋಡಿಕೊಂಡವರು ಆ ಬುಧವಾರದ ಹಾಡುಗಾರರು, ಗೋಡೆಗೆ ಚಿತ್ರ ಬರೆದವರು, ಕ್ಯಾಮೆರಾ ಹಿಡಿದವರು. ಮರೆವು ಮಾಲೀಕನ ಅತಿ ದೊಡ್ಡ ಆಸ್ತಿ. ಕಲಾವಿದರು ಆ ಆಸ್ತಿಯನ್ನು ಅವನಿಗೆ ದಕ್ಕಗೊಡಲಿಲ್ಲ.

ಲಿಮ್ ಜೇ-ಚುನ್ ಬಗ್ಗೆ ಲೀ ಸು-ಜಂಗ್ ಮಾಡಿದ ಸಾಕ್ಷ್ಯಚಿತ್ರ 2020ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. 2022ರ ಡಿಸೆಂಬರಿನ ಕೊನೆಯಲ್ಲಿ ಲಿಮ್ ತೀರಿಕೊಂಡರು. ಅವರು ಮಾಡಿದ ಗಿಟಾರುಗಳು ಜಗತ್ತಿನ ಯಾವ ಯಾವ ಮನೆಗಳಲ್ಲಿ ಇಂದಿಗೂ ನುಡಿಯುತ್ತಿವೆಯೋ ಹೇಳುವವರಿಲ್ಲ. ಆ ಗಿಟಾರುಗಳ ಮೇಲೆ ಅವರ ಹೆಸರಿಲ್ಲ. ಆದರೆ ಅವರ ಹೆಸರು ಇಂದು ನಮಗೆ ಗೊತ್ತು, ಇಷ್ಟು ದೂರದ ಕನ್ನಡದ ಓದುಗರಿಗೂ ಗೊತ್ತಾಯಿತು. ಮೀರಜಿನ ಸಿತಾರಮೇಕರ್ ಮನೆತನಕ್ಕೆ ಹುಟ್ಟಿನಿಂದ ಸಿಕ್ಕಿದ ಆ ಮರ್ಯಾದೆಯನ್ನು ಇವರು ಬೀದಿಯಲ್ಲಿ ಕುಳಿತು ಗಳಿಸಬೇಕಾಯಿತು.

ಗಿಟಾರ್ ಈಗಲೂ ತಯಾರಾಗುತ್ತಿದೆ. ಇಂಡೋನೇಷ್ಯಾದಲ್ಲಿ, ಚೀನಾದಲ್ಲಿ, ಇನ್ನೂ ಎಲ್ಲೆಲ್ಲೋ. ಅಲ್ಲಿ ಮರ ಉಜ್ಜುವವರಲ್ಲಿ ನಮ್ಮ ಹಾಗೆ ಶುಕ್ರವಾರದ ನಮಾಜಿಗೆ ಹೊರಡುವವರೂ ಇದ್ದಾರೆ. ಕೆಲಸ ಕೊರಿಯಾದಿಂದ ಅವರ ಬಳಿಗೆ ಹೋದದ್ದು ಅವರ ತಪ್ಪಲ್ಲ. ಇನ್ನೂ ಅಗ್ಗದ ಕೈ ಸಿಕ್ಕ ದಿನ ಅದು ಅವರನ್ನೂ ಬಿಟ್ಟು ಹೋದೀತು. ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂದು ನಮ್ಮ ಪ್ರವಾದಿಯವರು ಕಲಿಸಿದರು. ಆ ಮಾತನ್ನು ನಾವು ಮಾಲೀಕರಿಗೆ ಹೇಳಿದ ಬುದ್ಧಿಮಾತೆಂದು ತಿಳಿದು ಸುಮ್ಮನಾಗುತ್ತೇವೆ. ಕೊಳ್ಳುವವರಿಗೂ, ನುಡಿಸುವವರಿಗೂ, ಕೇಳುವವರಿಗೂ ಅದರಲ್ಲಿ ಪಾಲಿದೆ. ಮುಂದಿನ ಸಲ ನಮ್ಮ ಮನೆಯ ಮಗ ಗಿಟಾರ್ ಬೇಕೆಂದು ಹಟ ಹಿಡಿದಾಗ, ಕೊಡಿಸೋಣ. ಕೊಡಿಸುವಾಗ, ಇದನ್ನು ಮಾಡಿದವರು ಯಾರೆಂದು ಕೇಳುವುದನ್ನೂ ಕಲಿಸೋಣ.